ನೋಡೋ ಮುಂಚೆ ಓದುವವರಿಗೋ, ನೋಡಿದ ಮೇಲೆ ಓದುವವರಿಗೋ? ಸಿನಿಮಾ ವಿಮರ್ಶೆ ಬರೆಯೋರಿಗೆ ಒಂದು ಹೋಲಿಕೆ

ನಾನು ವೆಬ್‌ಸೈಟಿಗೆ ಬರೆದ ಮೊದಲ ಸಿನಿಮಾ ವಿಮರ್ಶೆ ಸುಮಾರು 900 ಪದ ಇತ್ತು. ಅದರಲ್ಲಿ 600 ಪದ ಬರೀ ಕಥೆ. ಅದು ಬಂದ ದಿನ ಸಂಜೆ ಹಾಸನದಿಂದ ಅಕ್ಕ ಫೋನ್ ಮಾಡಿದಳು. "ಚೆನ್ನಾಗಿ ಬರ್ದಿದೀಯ ಕಣೋ. ಭಾನುವಾರ ಎಲ್ರೂ ಹೋಗೋಣ ಅಂತಿದ್ವಿ. ದುಡ್ಡು ಉಳೀತು ಬಿಡು" ಅಂದಳು. ಹೊಗಳಿದಳೋ ಬೈದಳೋ ಗೊತ್ತಾಗೋಕೆ ಸ್ವಲ್ಪ ಹೊತ್ತು ಬೇಕಾಯಿತು. ಮಾರನೇ ದಿನ ಸಾಗರದ ಗೆಳೆಯನೊಬ್ಬ ಸಿಕ್ಕ. ಅವನು ಸಿನಿಮಾ ಆಗಲೇ ನೋಡಿದ್ದ. ಅವನ ತಕರಾರು ಬೇರೆ. "ಕಥೆ ನಂಗೂ ಗೊತ್ತಿತ್ತು ಮಾರಾಯ. ಕೊನೇಲಿ ಯಾಕೆ ಹಾಗಾಯ್ತು ಅಂತ ನೀನೇನಾದ್ರೂ ಹೇಳ್ತೀಯ ಅಂತ ಓದಿದೆ. ಅದೇ ಇಲ್ಲ."

ಅಕ್ಕನಿಗೆ ಜಾಸ್ತಿ ಆಯಿತು, ಗೆಳೆಯನಿಗೆ ಕಮ್ಮಿ ಆಯಿತು. ಬರಹ ಒಂದೇ.

ವಿಮರ್ಶೆ ಓದುವವರಲ್ಲಿ ಎರಡು ಥರ. ಟಿಕೆಟ್ ತಗೊಳ್ಳೋದಾ ಬೇಡವಾ ಅಂತ ನೋಡುತ್ತಿರುವವರು ಒಂದು ಕಡೆ. ಸಿನಿಮಾ ನೋಡಿ ಮನೆಗೆ ಬಂದು, ಅದರ ಬಗ್ಗೆ ಮಾತಾಡೋಕೆ ಯಾರಾದರೂ ಬೇಕು ಅನ್ನೋರು ಇನ್ನೊಂದು ಕಡೆ. ಕಥೆ ಎಷ್ಟು ಹೇಳಬೇಕು, ಅಂಕದ ಥರ ಸ್ಟಾರ್ ಕೊಡಬೇಕಾ, ಯಾವಾಗ ಬರೀಬೇಕು, ಎಷ್ಟುದ್ದ ಬರೀಬೇಕು ಅನ್ನೋ ಪ್ರಶ್ನೆಗಳಿಗೆಲ್ಲ ಉತ್ತರ ಇಲ್ಲೇ ಸಿಗುತ್ತದೆ. ಹಾಗಾಗಿ ಕೆಳಗಿನ ಹೋಲಿಕೆ ಓದುವ ಮೊದಲು ನಿಮ್ಮ ಓದುಗರು ಯಾರು ಅಂತ ಒಮ್ಮೆ ಯೋಚಿಸಿ. ಇಬ್ಬರಿಗೂ ಬರೀಬೇಕು ಅನಿಸಿದರೆ ಎರಡು ಬರಹ ಬರೆಯಿರಿ. ಒಂದರಲ್ಲೇ ತುರುಕಲು ಹೋದರೆ ನನ್ನ ಕಥೆಯೇ ಆಗುತ್ತದೆ.

ಇವರಿಬ್ಬರಿಗೆ ಬೇಕಾದ್ದೇನು?

ನೋಡುವ ಮುಂಚೆ ಓದುವವರ ಪ್ರಶ್ನೆಗಳು ತುಂಬಾ ಸರಳ. ಮನೆಮಂದಿ ಜೊತೆ ಹೋಗಬಹುದಾ? ಥಿಯೇಟರಿಗೇ ಹೋಗಬೇಕಾ, ಓಟಿಟಿಗೆ ಬರೋವರೆಗೆ ಕಾಯಬಹುದಾ? ಎಷ್ಟು ಹೊತ್ತಿನ ಸಿನಿಮಾ? ಮಕ್ಕಳು ಹೆದರಿಕೊಳ್ಳುವಂಥದ್ದು ಇದೆಯಾ? ಎಷ್ಟೋ ವಿಮರ್ಶೆಗಳು ಇದಕ್ಕೆ ಉತ್ತರವನ್ನೇ ಕೊಡುವುದಿಲ್ಲ. ಸೆನ್ಸಾರ್ ಸರ್ಟಿಫಿಕೇಟ್ ಯಾವುದು ಅಂತ ಒಂದು ಸಾಲು ಹಾಕಿದರೂ ಸಾಕು. ಸಿನಿಮಾಟೋಗ್ರಾಫ್ ಕಾಯ್ದೆಯ 2023ರ ತಿದ್ದುಪಡಿಯ ನಂತರ, ದೊಡ್ಡವರ ಮಾರ್ಗದರ್ಶನದಲ್ಲಿ ಮಕ್ಕಳೂ ನೋಡಬಹುದು ಅನ್ನೋ ಮೊದಲಿನ ಯು/ಎ ಈಗ 7, 13, 16 ವರ್ಷ ಮೇಲ್ಪಟ್ಟವರಿಗೆ ಅಂತ ಮೂರಾಗಿ ಒಡೆದಿದೆ. ಮಕ್ಕಳಿರುವ ಮನೆಯವರಿಗೆ ನಿಮ್ಮ ಕ್ಯಾಮೆರಾ ವಿಶ್ಲೇಷಣೆಗಿಂತ ಆ ಒಂದು ಸಂಖ್ಯೆಯೇ ಹೆಚ್ಚು ಉಪಯೋಗ.

ನೋಡಿದ ಮೇಲೆ ಓದುವವರಿಗೆ ಇದ್ಯಾವುದೂ ಬೇಡ. ತಮಗೆ ಅನಿಸಿದ್ದು ಬೇರೆಯವರಿಗೂ ಅನಿಸಿತಾ, ತಾವು ಗಮನಿಸದೇ ಬಿಟ್ಟದ್ದೇನು ಅನ್ನೋದು ಅವರ ಕುತೂಹಲ. ಇವರು ಸಂಖ್ಯೆಯಲ್ಲಿ ಕಮ್ಮಿ. ಆದರೆ ಕೊನೆಯ ಸಾಲಿನವರೆಗೂ ಓದುತ್ತಾರೆ, ಜಗಳಕ್ಕೂ ಬರುತ್ತಾರೆ, ಮತ್ತೆ ವಾಪಸ್ ಬರುತ್ತಾರೆ.

ಒಬ್ಬರೇ ನಡೆಸುವ ಸಣ್ಣ ವೆಬ್‌ಸೈಟ್ ನಿಮ್ಮದಾದರೆ ಎರಡನೆಯವರಿಗೆ ಬರೆಯಿರಿ. ಶುಕ್ರವಾರ ಮಧ್ಯಾಹ್ನ ಇಂಟರ್ವಲ್ ಹೊತ್ತಿಗೇ 'ಫಸ್ಟ್ ಹಾಫ್ ರಿವ್ಯೂ' ಹಾಕುವ ದೊಡ್ಡ ಸೈಟುಗಳ ಜೊತೆ ಓಡೋಕೆ ನಮ್ಮಿಂದ ಆಗಲ್ಲ. ಓಡುವ ಅಗತ್ಯವೂ ಇಲ್ಲ ಬಿಡಿ.

ಮೊದಲ ದಿನವೋ, ಮೂರು ದಿನ ಬಿಟ್ಟೋ?

ಮೊದಲ ದಿನ ಮೊದಲ ಶೋ ನೋಡಿ ಬರೆದರೆ ಓದುವವರು ಜಾಸ್ತಿ. ಅದರಲ್ಲಿ ಅನುಮಾನ ಇಲ್ಲ. ಆದರೆ ದೊಡ್ಡ ಸ್ಟಾರ್ ಸಿನಿಮಾದ ಮೊದಲ ಶೋನಲ್ಲಿ ಮೊದಲ ಅರ್ಧ ಗಂಟೆ ಡೈಲಾಗೇ ಕೇಳಿಸುವುದಿಲ್ಲ. ಸೀಟಿ, ಕಾಗದದ ಚೂರು, ಪರದೆ ಮುಂದೆ ಕುಣಿತ. ಆ ಗದ್ದಲದಲ್ಲಿ ಸಾಧಾರಣ ಸಿನಿಮಾವೂ ಹಬ್ಬದ ಥರ ಕಾಣುತ್ತದೆ. ಮಾಧ್ಯಮದವರಿಗೆ ಹಾಕುವ ಪ್ರೆಸ್ ಶೋನಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಯಾರೂ ನಗುವುದಿಲ್ಲ. ಎಲ್ಲರೂ ಕೈಕಟ್ಟಿ ಕೂತಿರುತ್ತಾರೆ. ಅಲ್ಲೊಂದು ಕಾಮಿಡಿ ನೋಡಿ 'ನಗು ಬರಲಿಲ್ಲ' ಅಂತ ನಾನು ಬರೆದಿದ್ದೆ. ಎರಡನೇ ವಾರ ತುಮಕೂರಿನಲ್ಲಿ ತುಂಬಿದ ಥಿಯೇಟರಿನಲ್ಲಿ ಅದೇ ಸಿನಿಮಾ ನೋಡಿದಾಗ ಪಕ್ಕದ ಸೀಟಿನ ಅಜ್ಜಿ ನಗುವುದನ್ನು ನೋಡಿ ನಾನೂ ನಕ್ಕೆ. ಬರೆದದ್ದನ್ನು ತಿದ್ದಲಿಲ್ಲ. ಕೆಳಗೆ ಎರಡು ಸಾಲು ಸೇರಿಸಿ, ಎಲ್ಲಿ ಹೇಗೆ ನೋಡಿದೆ ಅಂತ ಹೇಳಿದೆ. ಅವತ್ತಿನಿಂದ ಪ್ರತಿ ವಿಮರ್ಶೆಯಲ್ಲೂ ಯಾವ ಶೋ ನೋಡಿದೆ, ಥಿಯೇಟರ್ ಎಷ್ಟು ತುಂಬಿತ್ತು ಅಂತ ಬರೆಯುತ್ತೇನೆ. ಡಬ್ಬಿಂಗ್ ಸಿನಿಮಾ ಆದರೆ ಕನ್ನಡದಲ್ಲಿ ನೋಡಿದೆನಾ, ಮೂಲ ಭಾಷೆಯಲ್ಲಿ ನೋಡಿದೆನಾ ಅನ್ನೋದನ್ನೂ ಹೇಳುತ್ತೇನೆ. ಕೆಲವೊಮ್ಮೆ ಅವೆರಡೂ ಬೇರೆ ಬೇರೆ ಸಿನಿಮಾ ಅನಿಸುವಷ್ಟು ವ್ಯತ್ಯಾಸ ಇರುತ್ತದೆ.

ತಡವಾಗಿ ಬರೆದರೆ ಓದುಗರು ಸಿಗಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. 2014ರ 'ಉಳಿದವರು ಕಂಡಂತೆ' ನೆನಪಿಸಿಕೊಳ್ಳಿ. ಬಿಡುಗಡೆಯಾದಾಗ ದೊಡ್ಡ ಗೆಲುವೇನೂ ಆಗಲಿಲ್ಲ. ಅದಕ್ಕೊಂದು ಅಭಿಮಾನಿ ಬಳಗ ಹುಟ್ಟಿದ್ದು ಆಮೇಲೆ, ಮತ್ತೆ ಮತ್ತೆ ನೋಡಿದವರಿಂದ. ಅಂಥ ಸಿನಿಮಾ ಬಗ್ಗೆ ಈಗ ಬರೆದರೂ ಓದುವವರು ಇದ್ದಾರೆ. 2025ರ ಜುಲೈನಲ್ಲಿ ಬಂದ 'ಸು ಫ್ರಮ್ ಸೋ' ಇನ್ನೊಂದು ಥರ. ಶುರುವಿನಲ್ಲಿ ಅಷ್ಟಾಗಿ ಸದ್ದಿರಲಿಲ್ಲ. ನೋಡಿದವರ ಬಾಯಿಮಾತಿನಿಂದಲೇ ಶೋಗಳು ಹೆಚ್ಚುತ್ತಾ ಹೋದವು. ಇಂಥ ಸಿನಿಮಾಗೆ ಮೊದಲ ದಿನದ ವಿಮರ್ಶೆ ನಿಜವಾಗಿಯೂ ಸಹಾಯ ಮಾಡುತ್ತದೆ. ಅಂದರೆ ಸ್ಟಾರ್ ಸಿನಿಮಾಗೆ ತಡ ಮಾಡಿ, ಹೊಸಬರ ಸಿನಿಮಾಗೆ ಬೇಗ ಬರೆಯಿರಿ. ಹೆಚ್ಚಿನವರು ಮಾಡೋದು ಇದರ ಉಲ್ಟಾ.

ಕೇರಳದಲ್ಲಿ ಈ ವಿಷಯ ಕೋರ್ಟಿನವರೆಗೂ ಹೋಯಿತು. ಅಲ್ಲಿನ ಹೈಕೋರ್ಟ್ ನೇಮಿಸಿದ್ದ ಅಮಿಕಸ್ ಕ್ಯೂರಿ (ಕೋರ್ಟಿಗೆ ಸಲಹೆ ಕೊಡುವ ವಕೀಲರು) 2024ರಲ್ಲಿ ಕೊಟ್ಟ ವರದಿಯಲ್ಲಿ, ಬಿಡುಗಡೆಯಾದ 48 ಗಂಟೆ ವ್ಲಾಗರ್‌ಗಳು ವಿಮರ್ಶೆ ಹಾಕದಿರಲಿ ಅಂತ ಸಲಹೆ ಇತ್ತು. ನನಗೆ ಅದು ಒಪ್ಪಿಗೆ ಇಲ್ಲ. ದುಡ್ಡು ಕೊಟ್ಟು ನೋಡಿದವನ ಬಾಯಿ 48 ಗಂಟೆ ಮುಚ್ಚಿಸೋಕೆ ಆಗುತ್ತಾ? ಆದರೆ ಒಂದು ರಾತ್ರಿ ಮಲಗಿ ಎದ್ದು ಬರೆದರೆ ನಷ್ಟ ಇಲ್ಲ.

ಶುರು ಹೇಗೆ? ಒಂದೇ ಸಿನಿಮಾ, ಮೂರು ಶುರು

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಓದುಗ ಇರುತ್ತಾನೋ ಹೋಗುತ್ತಾನೋ ಅನ್ನೋದು ಮೊದಲ ನಾಲ್ಕು ಸಾಲಲ್ಲೇ ತೀರ್ಮಾನ ಆಗಿಬಿಡುತ್ತದೆ. ಉದಾಹರಣೆಗೆ ರಾಮ್ ರೆಡ್ಡಿ ಅವರ 'ತಿಥಿ' ತಗೊಳ್ಳೋಣ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದು, 2016ರ ಮೇ ತಿಂಗಳಲ್ಲಿ ನಮ್ಮ ಥಿಯೇಟರುಗಳಿಗೆ ಬಂದ ಸಿನಿಮಾ. ಅದಕ್ಕೆ ಮೂರು ಥರ ಶುರು ಬರೆದು ನೋಡಿದೆ.

ಮೊದಲನೆಯದು ಕಥೆಯಿಂದ:

"ಮಂಡ್ಯ ಕಡೆಯ ಒಂದು ಹಳ್ಳಿ. ನೂರು ದಾಟಿದ ಸೆಂಚುರಿ ಗೌಡ ತೀರಿಕೊಳ್ಳುತ್ತಾನೆ. ಹನ್ನೊಂದನೇ ದಿನಕ್ಕೆ ತಿಥಿ. ಅಷ್ಟರೊಳಗೆ ಮಗ ಗಡ್ಡಪ್ಪ, ಮೊಮ್ಮಗ ತಮ್ಮಣ್ಣ, ಮರಿಮಗ ಅಭಿ ಒಬ್ಬೊಬ್ಬರೂ ಒಂದೊಂದು ದಾರಿ ಹಿಡಿಯುತ್ತಾರೆ."

ಎರಡನೆಯದು ದೃಶ್ಯದಿಂದ:

"ದಾರಿ ಬದಿಯಲ್ಲಿ ಕೂತ ಮುದುಕ ಹೋಗೋರಿಗೆ ಬರೋರಿಗೆ ಬೈಯುತ್ತಿದ್ದಾನೆ. ಬೈದು ಬೈದು ಸಾಕಾಗಿ ಎದ್ದು ಮೂತ್ರಕ್ಕೆ ಹೋಗುತ್ತಾನೆ. ಅಲ್ಲೇ ಬೀಳುತ್ತಾನೆ. ಊರಿನ ಅತಿ ಹಿರಿಯ ಮನುಷ್ಯ ಸತ್ತಿದ್ದು ಹೀಗೆ. ನಗಬೇಕೋ ಅಳಬೇಕೋ ಗೊತ್ತಾಗೋ ಮೊದಲೇ ಸಿನಿಮಾ ಮುಂದೆ ಹೋಗಿರುತ್ತದೆ."

ಮೂರನೆಯದು ನನ್ನಿಂದ:

"ನಮ್ಮಜ್ಜನ ತಿಥಿಯಲ್ಲಿ ಪಂಕ್ತಿಗೆ ಕೂತವರು ಅಜ್ಜನ ಬಗ್ಗೆ ಆಡಿದ್ದು ಎರಡು ಮಾತು. ಉಳಿದ ಮಾತೆಲ್ಲ ಕೆರೆ ಕೆಳಗಿನ ಜಮೀನಿನ ಬಗ್ಗೆ. 'ತಿಥಿ' ನೋಡುವಾಗ ಆ ಪಂಕ್ತಿಯಲ್ಲಿ ಮತ್ತೆ ಕೂತಂತಾಯಿತು."

ಮೊದಲನೆಯದರಲ್ಲಿ ತಪ್ಪೇನೂ ಇಲ್ಲ. ಅಕ್ಕನಂಥ ಓದುಗರಿಗೆ ಅದೇ ಸರಿ. ನಾಲ್ಕು ಸಾಲಲ್ಲಿ ಊರು, ಜನ, ಏನು ನಡೀತಿದೆ ಅನ್ನೋದು ಗೊತ್ತಾಯಿತು. ಆದರೆ ಅದನ್ನು ಯಾರು ಬೇಕಾದರೂ ಬರೆಯಬಹುದು, ಸಿನಿಮಾ ನೋಡದವರೂ ಬರೆಯಬಹುದು. ಪ್ರಚಾರದವರು ಕಳಿಸುವ ಪತ್ರಿಕಾ ಪ್ರಕಟಣೆಯಲ್ಲೂ ಅಷ್ಟೇ ಇರುತ್ತದೆ.

ಮೂರನೆಯದು ಬರೆಯೋಕೆ ಖುಷಿ. ಅಪಾಯವೂ ಅದೇ. ಎರಡು ಸಾಲು ದಾಟಿದರೆ ಓದುಗನಿಗೆ ನಮ್ಮಜ್ಜನ ಹಂಗೇನು? ನೋಡಿದ ಮೇಲೆ ಓದುವವರಿಗೆ ಇದು ಹಿಡಿಸುತ್ತದೆ, ಅವರಿಗೂ ಇಂಥ ಪಂಕ್ತಿಗಳ ನೆನಪು ಇರುತ್ತದೆ. ನೋಡದವರಿಗೆ ಇದು ಯಾರದೋ ಮನೆ ಸುದ್ದಿ.

ನಾನು ಆರಿಸೋದು ಎರಡನೆಯದನ್ನೇ. ಇಬ್ಬರಿಗೂ ಸಲ್ಲುವ ಶುರು ಅಂತ ಒಂದಿದ್ದರೆ ಅದು ದೃಶ್ಯವೇ. ನೋಡದವರಿಗೆ ಸಿನಿಮಾದ ರುಚಿ ಸಿಗುತ್ತದೆ, ನೋಡಿದವರಿಗೆ ಆ ಮುದುಕ ಮತ್ತೆ ಕಣ್ಣ ಮುಂದೆ ಬರುತ್ತಾನೆ. ಆದರೆ ಯಾವ ದೃಶ್ಯ ಅನ್ನೋದು ಮುಖ್ಯ. ಸಿನಿಮಾದ ಸ್ವಭಾವ ಪೂರ್ತಿ ಕಾಣುವಂಥ ಸಣ್ಣ ದೃಶ್ಯ ಇರಲಿ. ಕ್ಲೈಮ್ಯಾಕ್ಸ್ ಅಂತೂ ಬೇಡ. ಟ್ರೇಲರಿನಲ್ಲಿ ಇಪ್ಪತ್ತು ಸಲ ಬಂದದ್ದೂ ಬೇಡ. ಕತ್ತಲಲ್ಲಿ ಫೋನ್ ತೆಗೆದು ಟಿಪ್ಪಣಿ ಬರೆಯಬೇಡಿ, ಹಿಂದಿನ ಸೀಟಿನವರು ಸುಮ್ನೆ ಬಿಡಲ್ಲ. ನಾನು ಜೇಬಿನ ಪುಸ್ತಕದಲ್ಲಿ ಕಣ್ಣು ಪರದೆ ಮೇಲಿಟ್ಟೇ ಗೀಚುತ್ತೇನೆ. ಇಂಟರ್ವಲ್‌ನಲ್ಲಿ ಓದಿದರೆ ಅರ್ಧ ಅರ್ಥ ಆಗಲ್ಲ. ಅರ್ಥ ಆಗುವ ಅರ್ಧ ಸಾಕು.

ಕಥೆ ಎಲ್ಲಿವರೆಗೆ ಹೇಳಬಹುದು?

'ತಿಥಿ'ಯಲ್ಲಿ ಮುದುಕ ಸಾಯುವುದನ್ನು ಹೇಳಿದ್ದು ಸ್ಪಾಯ್ಲರ್, ಅಂದರೆ ನೋಡುವವರ ಕುತೂಹಲ ಕೆಡಿಸುವ ಮಾತು, ಆಯಿತಾ? ಇಲ್ಲ. ಹೆಸರೇ ತಿಥಿ, ಸಾವು ಶುರುವಿನಲ್ಲೇ ಇದೆ. ಆದರೆ ಗಡ್ಡಪ್ಪ ಕೊನೆಗೆ ಎಲ್ಲಿ ಸಿಗುತ್ತಾನೆ, ತಮ್ಮಣ್ಣನ ಜಮೀನಿನ ವ್ಯವಹಾರ ಏನಾಯಿತು ಅಂತ ಹೇಳಿದರೆ ತಪ್ಪು.

ಕೆಲವರು ಇಂಟರ್ವಲ್‌ವರೆಗೆ ಹೇಳಬಹುದು ಅನ್ನುತ್ತಾರೆ. ನನಗೆ ಅದು ಜಾಸ್ತಿ ಅನಿಸುತ್ತದೆ. ನಮ್ಮ ಸಿನಿಮಾಗಳಲ್ಲಿ ಇಂಟರ್ವಲ್ ಅಂದರೇನೇ ಒಂದು ತಿರುವು, ನಿರ್ದೇಶಕರು ಅದಕ್ಕಾಗಿ ಒಂದು ಗಂಟೆ ಕಟ್ಟಿರುತ್ತಾರೆ. ಮೊದಲ ಇಪ್ಪತ್ತು ನಿಮಿಷದ ಕಥೆ ಹೇಳಿ, ಅಲ್ಲಿಗೆ ನಿಲ್ಲಿಸಿ. 'ಮುಂದೇನಾಯಿತು? ಪರದೆ ಮೇಲೆ ನೋಡಿ' ಅಂತ ಬರೆಯೋದು ಬೇಡ, ಅದನ್ನು ಓದಿ ಯಾರೂ ಎದ್ದು ಥಿಯೇಟರಿಗೆ ಓಡಿದ್ದಿಲ್ಲ. ಮತ್ತೊಂದು ವಿಷಯ: ತಿರುವನ್ನು ಬಚ್ಚಿಡುವವರೂ ಜೋಕುಗಳನ್ನು ಹೇಳಿಬಿಡುತ್ತಾರೆ. ಕಾಮಿಡಿ ಸಿನಿಮಾದಲ್ಲಿ ಜೋಕೇ ಸ್ಪಾಯ್ಲರ್. 'ಒಂದು ದೊಡ್ಡ ಟ್ವಿಸ್ಟ್ ಇದೆ, ಹೇಳಲ್ಲ' ಅನ್ನೋದೂ ಅರ್ಧ ಸ್ಪಾಯ್ಲರ್ರೇ. ಓದಿದವನು ಸಿನಿಮಾ ಪೂರ್ತಿ ಅದನ್ನೇ ಕಾಯುತ್ತಾ ಕೂರುತ್ತಾನೆ.

ಕೊನೆಯ ಬಗ್ಗೆ ಬರೆಯಲೇಬೇಕು ಅನಿಸಿದರೆ ಒಂದು ವಾರ ಬಿಟ್ಟು ಬೇರೆ ಬರಹ ಹಾಕಿ. ಮೇಲೆ ದಪ್ಪಗೆ 'ನೋಡಿದವರಿಗೆ ಮಾತ್ರ' ಅಂತ ಬರೆಯಿರಿ. ನನ್ನ ಅನುಭವದಲ್ಲಿ ಹೆಚ್ಚು ಉತ್ತರ ಬರೋದು ಇಂಥ ಬರಹಗಳಿಗೇ.

ಸ್ಟಾರ್ ಬೇಕಾ?

ಸಿನಿಮಾಗೆ ಸ್ಟಾರ್ ಕೊಡುವುದು ಇವತ್ತಿನ ಚಾಳಿ ಅಲ್ಲ. 1928ರಲ್ಲೇ ನ್ಯೂಯಾರ್ಕ್‌ನ ಡೈಲಿ ನ್ಯೂಸ್ ಪತ್ರಿಕೆ ಮೂರು ಸ್ಟಾರ್ ಲೆಕ್ಕದಲ್ಲಿ ಶುರು ಮಾಡಿತ್ತು. ಅನುಕೂಲ ಏನು ಅಂತ ಎಲ್ಲರಿಗೂ ಗೊತ್ತು: ಬೇಗ ಗೊತ್ತಾಗುತ್ತದೆ. ತೊಂದರೆ ಏನಂದರೆ ಸ್ಟಾರ್ ನೋಡಿದವನು ಬರಹ ಓದಲ್ಲ. ನಮ್ಮಲ್ಲಿ ಇನ್ನೊಂದು ತೊಡಕಿದೆ. ಐದಕ್ಕೆ ಮೂರು ಅಂದರೆ ಲೆಕ್ಕದಲ್ಲಿ ಅರವತ್ತು ಮಾರ್ಕು, ಫಸ್ಟ್ ಕ್ಲಾಸು. ಓದುಗನ ಕಿವಿಗೆ ಅದು 'ಸುಮಾರು' ಅಂತ ಕೇಳಿಸುತ್ತದೆ. ಎರಡೂವರೆ ಅಂದರೆ 'ಹೋಗಬೇಡಿ'. ಮೂರಕ್ಕಿಂತ ಕಮ್ಮಿ ಕೊಟ್ಟರೆ ಅಭಿಮಾನಿಗಳಿಗೆ ಸಿಟ್ಟು. ಹಾಗಾಗಿ ಎಲ್ಲರೂ ಮೂರು, ಮೂರೂವರೆ ನಡುವೆಯೇ ಓಡಾಡಿಕೊಂಡಿರುತ್ತಾರೆ. ಎಲ್ಲ ಸಿನಿಮಾಗೂ ಅದೇ ಅಂಕ ಬಂದರೆ ಅಂಕ ಯಾಕೆ?

ಶೇಕಡಾ ಲೆಕ್ಕದ ಸೈಟುಗಳನ್ನು ನೋಡಿ ಹಾಗೇ ಮಾಡೋಣ ಅನಿಸಬಹುದು. ಬೇರೆ ಬೇರೆ ವಿಮರ್ಶಕರ ಅಭಿಪ್ರಾಯ ಒಟ್ಟು ಮಾಡುವ ರಾಟನ್ ಟೊಮ್ಯಾಟೋಸ್ ಸೈಟಿನ ಶೇಕಡಾ 90 ಅಂದರೆ ಸಿನಿಮಾಗೆ 90 ಅಂಕ ಅಂತ ಅಲ್ಲ. ಬರೆದ ನೂರು ವಿಮರ್ಶಕರಲ್ಲಿ 90 ಜನ ಪರವಾಗಿಲ್ಲ ಅಥವಾ ಅದಕ್ಕಿಂತ ಮೇಲೆ ಅಂದಿದ್ದಾರೆ ಅಂತ, ಅಷ್ಟೇ. ಒಬ್ಬರೇ ಬರೆಯುವ ಜಾಗದಲ್ಲಿ ಶೇಕಡಾ ಹಾಕಿದರೆ ಅದಕ್ಕೆ ಅರ್ಥವೇ ಇರುವುದಿಲ್ಲ.

ನಾನು ಒಂದು ವರ್ಷ ಸ್ಟಾರ್ ಕೊಟ್ಟೆ, ಆಮೇಲೆ ಬಿಟ್ಟೆ. ಬಿಡೋಕೆ ಕಾರಣ ಒಂದು ಫೋನ್ ಕರೆ. ಸಿನಿಮಾ ಪ್ರಚಾರ ನೋಡಿಕೊಳ್ಳುವವರೊಬ್ಬರು ಕರೆ ಮಾಡಿ, ಬರಹದ ಬಗ್ಗೆ ಒಂದು ಮಾತೂ ಆಡದೆ, "ಸಾರ್, ಒಂದರ್ಧ ಹೆಚ್ಚು ಮಾಡಿ ಸಾರ್, ಪೋಸ್ಟರಿಗೆ ಬೇಕು" ಅಂದರು. ಬರೆದದ್ದನ್ನು ಅವರು ಓದಿರಲೇ ಇಲ್ಲ. ಈಗ ಕೊನೆಯಲ್ಲಿ ಒಂದು ಸಾಲು ಹಾಕುತ್ತೇನೆ: ಯಾರಿಗೆ ಹಿಡಿಸಬಹುದು, ಯಾರಿಗೆ ಹಿಡಿಸದಿರಬಹುದು. 'ನಿಧಾನ ಇಷ್ಟಪಡುವವರು ಹೋಗಿ. ರಾತ್ರಿ ಶೋ ಬೇಡ, ನಿದ್ದೆ ಬರುತ್ತದೆ' ಅಂತ ಒಮ್ಮೆ ಬರೆದಿದ್ದೆ. ಸ್ಟಾರಿಗಿಂತ ಅದೇ ಜಾಸ್ತಿ ಕೆಲಸ ಮಾಡಿತು. ನೋಡುವ ಮುಂಚೆ ಓದುವವರಿಗೇ ನೀವು ಬರೆಯೋದಾದರೆ ಸ್ಟಾರ್ ಇಟ್ಟುಕೊಳ್ಳಿ, ಆದರೆ ಒಂದೂವರೆ ಕೊಡೋಕೂ ನಾಲ್ಕೂವರೆ ಕೊಡೋಕೂ ಧೈರ್ಯ ಇರಲಿ.

ರೆಡಿಮೇಡ್ ಮಾತೋ, ಕಂಡ ಮಾತೋ?

'ಪಾತ್ರಕ್ಕೆ ಜೀವ ತುಂಬಿದ್ದಾರೆ.' 'ಪಾತ್ರಕ್ಕೆ ನ್ಯಾಯ ಒದಗಿಸಿದ್ದಾರೆ.' 'ಕ್ಯಾಮೆರಾ ಕೆಲಸ ಅಚ್ಚುಕಟ್ಟು.' 'ಸಂಕಲನಕಾರರ ಕತ್ತರಿಗೆ ಇನ್ನಷ್ಟು ಕೆಲಸ ಇತ್ತು.' 'ಹಾಡುಗಳು ಗುನುಗುವಂತಿವೆ.' 'ಒಮ್ಮೆ ನೋಡಲು ಅಡ್ಡಿಯಿಲ್ಲ.' ಈ ಆರು ಸಾಲು ಇಟ್ಟುಕೊಂಡು, ನಟರ ಹೆಸರು ಬದಲಿಸುತ್ತಾ ಹೋದರೆ ಮುಂದಿನ ಹತ್ತು ವರ್ಷದ ವಿಮರ್ಶೆ ಇವತ್ತೇ ಬರೆದಿಡಬಹುದು. ನಾನೂ ಬರೆದಿದ್ದೇನೆ, ಸುಳ್ಳು ಯಾಕೆ ಹೇಳಲಿ. ರಾತ್ರಿ ಹನ್ನೊಂದಕ್ಕೆ ಕೂತು ಬರೆಯುವಾಗ ಇವೇ ಮೊದಲು ಬೆರಳ ತುದಿಗೆ ಬರೋದು.

ಇದರ ಬದಲು ಏನು? ಕಂಡದ್ದನ್ನು ಬರೆಯಿರಿ. ಗಡ್ಡಪ್ಪನ ಪಾತ್ರ ಮಾಡಿದವರು ನಟನೆ ಕಲಿತವರಲ್ಲ, ಆ ಸಿನಿಮಾದ ಹೆಚ್ಚಿನವರು ಆ ಕಡೆಯ ಹಳ್ಳಿಯವರೇ. 'ಸಹಜ ನಟನೆ' ಅಂತ ಬರೆದರೆ ಮುಗಿಯಿತು, ಏನೂ ಹೇಳಿದಂತಾಗಲಿಲ್ಲ. 'ಅಪ್ಪ ಸತ್ತ ಸುದ್ದಿ ಬಂದರೂ ಹೊಲದ ದಾರಿ, ಬ್ರಾಂದಿ ಬಾಟ್ಲಿ ಬಿಡದ ಮನುಷ್ಯ. ದುಃಖ ಇದೆಯೋ ಇಲ್ಲವೋ ಅಂತ ಆ ಗಡ್ಡದೊಳಗೆ ಹುಡುಕಬೇಕು' ಅಂದರೆ ಓದುಗನಿಗೆ ಒಂದು ಮುಖ ಕಾಣುತ್ತದೆ. ಬೇರೆ ಯಾವುದೋ ಸಿನಿಮಾ ಲ್ಯಾಗ್, ಅಂದರೆ ಎಳೆದಂತೆ, ಅನಿಸಿತಾ? ಎಲ್ಲಿ ಅಂತ ಹೇಳಿ. 'ಮದುವೆ ಮನೆ ಹಾಡು ಮುಗಿದ ಮೇಲೆ ಹದಿನೈದು ನಿಮಿಷ ಕಥೆ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ, ಪಕ್ಕದವರು ಫೋನ್ ತೆಗೆದರು' ಅಂದರೆ ನಂಬಿಕೆ ಬರುತ್ತದೆ. ಬೈದರೂ ಕಾರಣ ಇಟ್ಟು ಬೈದರೆ ಸಿನಿಮಾದವರೂ ಓದುತ್ತಾರೆ.

ಭಾಷೆ ವಿಷಯಕ್ಕೆ ಬಂದರೆ 'ಛಾಯಾಗ್ರಹಣ' ಬೇಕಾ 'ಕ್ಯಾಮೆರಾ' ಬೇಕಾ ಅಂತ ಬಹಳ ಜನ ಕೇಳುತ್ತಾರೆ. ಎರಡೂ ನಡೆಯುತ್ತದೆ. ನೀವು ಬಾಯಲ್ಲಿ ಹೇಳುವ ಪದ ಯಾವುದೋ ಅದನ್ನೇ ಬರೆಯಿರಿ. ಸಿನಿಮಾದ ಜನ ಯಾವ ಕನ್ನಡ ಆಡುತ್ತಾರೆ ಅನ್ನೋದನ್ನು ಮಾತ್ರ ತಪ್ಪದೇ ಹೇಳಿ. ಮಂಡ್ಯದ ಮಾತು, ಕುಂದಾಪ್ರ ಕನ್ನಡ, ಹುಬ್ಬಳ್ಳಿ ಕಡೆಯ ಮಾತು ಸರಿಯಾಗಿ ಬಂದಿದೆಯಾ, ಬರೀ 'ಐತೆ', 'ನೋಡ್ರಿ' ಸೇರಿಸಿ ಮುಗಿಸಿದ್ದಾರಾ ಅಂತ ಆ ಊರಿನ ಓದುಗ ಮೊದಲು ನೋಡೋದೇ ಅದನ್ನು.

ಉದ್ದ, ವಿಡಿಯೋ, ದುಡ್ಡು

ಇವು ಬೇಗ ಮುಗಿಯುವ ವಿಷಯ. ನೋಡುವ ಮುಂಚೆ ಓದುವವರಿಗೆ 300ರಿಂದ 400 ಪದ. ಅದಕ್ಕಿಂತ ಜಾಸ್ತಿ ಆದರೆ ಅವರು ಕೊನೆಯ ಸಾಲಿಗೆ ಹಾರುತ್ತಾರೆ. ನೋಡಿದವರಿಗೆ ಸಾವಿರ ಪದವೂ ನಡೆಯುತ್ತದೆ, ಹೇಳೋಕೆ ಅಷ್ಟು ಇದ್ದರೆ. ವಿಡಿಯೋ ಮಾಡಿದರೆ ನೋಡುವವರು ಹೆಚ್ಚು, ಕೆಲಸವೂ ಹೆಚ್ಚು. ಹಳೇ ಸಿನಿಮಾ ಬಗ್ಗೆ ಎರಡು ವರ್ಷ ಬಿಟ್ಟು ಹುಡುಕಿಕೊಂಡು ಬರೋರಿಗೆ ಬರಹವೇ ವಾಸಿ.

ವಿಡಿಯೋಗೆ ಅಂತ ಥಿಯೇಟರಿನ ಪರದೆಯನ್ನು ಫೋನಿನಲ್ಲಿ ಶೂಟ್ ಮಾಡಬೇಡಿ, ಹತ್ತು ಸೆಕೆಂಡ್ ಕೂಡ. ಮೇಲೆ ಹೇಳಿದ 2023ರ ತಿದ್ದುಪಡಿಯಲ್ಲೇ ಅಂಥ ರೆಕಾರ್ಡಿಂಗಿಗೆ ಕನಿಷ್ಠ ಮೂರು ತಿಂಗಳು ಜೈಲು, ಕನಿಷ್ಠ ಮೂರು ಲಕ್ಷ ರೂಪಾಯಿ ದಂಡ ಇಟ್ಟಿದ್ದಾರೆ. ಚಿತ್ರತಂಡವೇ ಬಿಡುಗಡೆ ಮಾಡಿದ ಸ್ಟಿಲ್, ಪೋಸ್ಟರ್ ಇರುತ್ತದಲ್ಲ, ಅದು ಸಾಕು.

ಚಿತ್ರತಂಡದಿಂದ ದುಡ್ಡೋ ಉಡುಗೊರೆಯೋ ತಗೊಂಡು ಬರೆದದ್ದಾದರೆ ಅದನ್ನು ಕಣ್ಣಿಗೆ ಕಾಣುವ ಹಾಗೆ ಹೇಳಲೇಬೇಕು. ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಕೊಟ್ಟ ಮಾರ್ಗಸೂಚಿ ಇನ್‌ಫ್ಲುಯೆನ್ಸರ್‌ಗಳಿಗೆ ಇದನ್ನೇ ಹೇಳುತ್ತದೆ. ಪ್ರೆಸ್ ಶೋಗೆ ಕರೆದರೆ ಹೋಗಿ, ತಪ್ಪೇನಿಲ್ಲ, ಎಲ್ಲಿ ನೋಡಿದೆ ಅಂತ ಬರೆಯುವಾಗ ಅದನ್ನೂ ಬರೆಯಿರಿ. ನಾನು ಆದಷ್ಟೂ ಟಿಕೆಟ್ ತಗೊಂಡೇ ನೋಡುತ್ತೇನೆ. ಸ್ವಂತ ದುಡ್ಡು ಹೋದಾಗ ಬರುವ ಸಿಟ್ಟೇ ಬೇರೆ, ಬರಹಕ್ಕೆ ಅದು ಒಳ್ಳೇದು.

ಕೊನೆಗೆ ಬರೆಯುವ ಮೊದಲ ಸಾಲು

ಶೀರ್ಷಿಕೆ ನಾನು ಕೊನೆಗೆ ಬರೆಯೋದು. ಇಲ್ಲೂ ಮೂರು ದಾರಿ ಇದೆ. ಸಿನಿಮಾ ಹೆಸರಿನ ಮುಂದೆ 'ವಿಮರ್ಶೆ' ಅಂತ ಹಾಕಿದರೆ ಹುಡುಕುವವರಿಗೆ ಸಿಗುತ್ತದೆ, ಆದರೆ ಇಪ್ಪತ್ತು ಸೈಟುಗಳಲ್ಲಿ ಅದೇ ಇರುತ್ತದೆ. 'ಈ ಸಿನಿಮಾ ನೋಡಿ ಪ್ರೇಕ್ಷಕರು ಮಾಡಿದ್ದೇನು ಗೊತ್ತಾ?' ಅಂತ ಹಾಕಿದರೆ ಒಮ್ಮೆ ಒತ್ತುತ್ತಾರೆ, ಎರಡನೇ ಸಲ ಬರಲ್ಲ. ಮೂರನೆಯದು, ಹೆಸರೂ ಇರಬೇಕು, ನಿಮ್ಮ ಅಭಿಪ್ರಾಯವೂ ಇರಬೇಕು. ಮೇಲಿನ ಸಿನಿಮಾಗೆ ನಾನು ಹೀಗೆ ಹಾಕುತ್ತಿದ್ದೆ: 'ತಿಥಿ ವಿಮರ್ಶೆ: ಸತ್ತವನೊಬ್ಬನನ್ನು ಬಿಟ್ಟು ಎಲ್ಲರಿಗೂ ಅರ್ಜೆಂಟು.'

ಅಕ್ಕನಿಗೆ ಓದಿ ಹೇಳಿದೆ. "ಇದು ಪರವಾಗಿಲ್ಲ. ಒಳಗೆ ಮತ್ತೆ ಕಥೆ ಎಲ್ಲ ಹೇಳಿಲ್ಲ ತಾನೇ?" ಅಂದಳು.